ಶನಿವಾರದ ಚಾಪೆ

ಎಂಟು ಜನ, ಎರಡು ಕೋಣೆ, ಒಂದು ಅಡುಗೆಮನೆ, ಮೆಟ್ಟಿಲ ಕೆಳಗೊಂದು ಸ್ಟೋರ್ ರೂಮು. ಆ ಮನೆಯ ಚಿಕ್ಕ ಸೊಸೆಗೆ ಬೆಳಗಾಗುವುದೆಂದರೆ ಒಂದು ಸಣ್ಣ ಯುದ್ಧ. ಸ್ನಾನದ ಮನೆಯ ಬಾಗಿಲಿಗೆ ಭಾವ ಗುದ್ದುತ್ತಿದ್ದರೆ, ಒಳಗಿನಿಂದ ಅವರ ಕಾಲೇಜಿಗೆ ಹೋಗುವ ಮಗಳು “ಮುಖಕ್ಕೆ ಸೋಪು ಹಾಕ್ಕೊಂಡಿದೀನಿ ಅಪ್ಪಾ, ಸ್ವಲ್ಪ ತಾಳು!” ಎಂದು ಕೂಗುತ್ತಿದ್ದಳು. ಆ ಸೋಪಾದರೂ ಹಳೆಯ ಐದು ಚೂರುಗಳನ್ನು ಒತ್ತಿ ಮಾಡಿದ್ದು, ಐದು ಬಣ್ಣದ್ದು. ತರಕಾರಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಾಡಿದ ನೀರು ನೆಲಕ್ಕೆ. ಹರಿದ ಹಾಸು ದಿಂಬಿನ ಚೀಲವಾಗುತ್ತಿತ್ತು, ಹರಿದ ದಿಂಬಿನ ಚೀಲ ಒರೆಸುವ ಬಟ್ಟೆಯಾಗುತ್ತಿತ್ತು.

“ಬೇರೆಯವರು ಹಾಸಿಗೆ ಇದ್ದಷ್ಟು ಕಾಲು ಚಾಚ್ತಾರೆ,” ಎನ್ನುತ್ತಿದ್ದ ಮೈದುನ. “ನಮ್ಮಮ್ಮ ಹಾಸಿಗೆ ಸವೆಯುತ್ತೆ ಅಂತ ಕಾಲು ಮಡಚ್ಕೊಂಡೇ ಮಲಗ್ತಾಳೆ.”

ಅತ್ತೆ ಇದಕ್ಕೆಲ್ಲ ಸೊಪ್ಪು ಹಾಕುವವರಲ್ಲ. ಸವೆದ ಪೊರಕೆಯನ್ನು ಒಲೆಗೆ ಹಾಕುವ ಮುನ್ನ ಅದರ ಹಿಡಿ ಸವರಿ, “ತುಂಬಾ ದುಡಿದೆ ಕಣಮ್ಮ,” ಎನ್ನುವರು. ಒಡೆದ ಬಟ್ಟಲಿಗೂ ಒಂದು ಒಳ್ಳೆಯ ಮಾತು, ಮುರಿದ ಬಾಚಣಿಗೆಗೂ ಒಂದು. ಮಕ್ಕಳು ಸೊಸೆಯಂದಿರಿಗೆ ಮಾತ್ರ ಅಂಥದ್ದೇನೂ ಇರಲಿಲ್ಲ. ಮನುಷ್ಯರು ಎಸೆಯುವ ವಸ್ತುಗಳಲ್ಲವಲ್ಲ.

ಚಿಕ್ಕ ಸೊಸೆ ಈ ಮನೆಗೆ ಬಂದು ಒಂಬತ್ತು ವರ್ಷ. ಊರಿನ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ದಿನಕ್ಕೆ ನಲವತ್ತು ಬಾಟಲಿ ನೀರು, ಪ್ರತಿ ಬಾಟಲಿಗೂ ಒಂದು ಚೀಟಿ, ಪ್ರತಿ ಚೀಟಿಯ ಅಂಕಿ ಗ್ರಾಫ್ ಹಾಳೆಯ ಮೇಲೊಂದು ಚುಕ್ಕೆ. ಒಂದು ಚುಕ್ಕೆ ದಾರಿ ತಪ್ಪಿದರೆ ಅದು ಯಾರದೋ ಕೈತಪ್ಪು, ಮೂರು ಚುಕ್ಕೆ ಒಂದೇ ಕಡೆಗೆ ಓಡಿದರೆ ಎಲ್ಲೋ ಪೈಪು ಒಡೆದಿದೆ ಎಂದರ್ಥ. ಇದು ಅವಳ ಕೆಲಸದ ಮೊದಲ ಪಾಠ.

ಮದುವೆಯಾಗಿ ಬಂದಾಗ ಚಳಿಗಾಲ. ಒಂದೇ ಒಂದು ಚೀಲ ಹಿಡಿದು ಬಂದಿದ್ದಳು, ಬೆಚ್ಚಗಿನದು ಒಂದೂ ಇರಲಿಲ್ಲ, ಕೇಳಲು ನಾಚಿಕೆ. ಆಗ ಶನಿವಾರದ ಚಾಪೆ ಅವಳನ್ನು ಕಾಪಾಡಿತು.

ಪ್ರತಿ ಶನಿವಾರ ಹೊತ್ತು ಮುಳುಗುವಾಗ ನಡುಮನೆಯಲ್ಲಿ ಅತ್ತೆ ಒಂದು ಚಾಪೆ ಹಾಸುವರು. ಆ ವಾರ ಯಾರಿಗೆ ಏನು ಬೇಡವಾಯಿತೋ, ಬಿಗಿಯಾದ ಷರಟು, ಇನ್ನೊಂದು ಕೊಂಡಿದ್ದರಿಂದ ಹೆಚ್ಚಾದ ಕೊಡೆ, ಹಗಲಲ್ಲೇ ತಂದು ಅದರ ಮೇಲಿಡಬೇಕು. ಕಿಟಕಿಗೆ ಕಂಬಳಿ ಕಟ್ಟಿ, ದೀಪ ಆರಿಸಿ, ಎಲ್ಲರೂ ಸುತ್ತ ಕೂರಬೇಕು. ಅತ್ತೆ ಒಂದೊಂದನ್ನೇ ಮುಟ್ಟಿ ಹೇಳುವರು: “ಸ್ವೆಟರು. ಕಂದು. ಮೊಣಕೈಗೆ ತೇಪೆ ಇದೆ. ಮಿಕ್ಕಿದೆ.” ಆಮೇಲೆ ಹತ್ತು ಉಸಿರಿನಷ್ಟು ಹೊತ್ತು ಕಾಯುವರು. ಬೇಕಾದವರು “ಉಪಕಾರವಾಯ್ತು” ಎಂದು ಪಿಸುಗುಟ್ಟಿ, ಕೈಚಾಚಿ ತೆಗೆದುಕೊಳ್ಳಬೇಕು. ಪಿಸುಮಾತಿನಲ್ಲಿ ಗಂಟಲು ಮಿಡಿಯುವುದಿಲ್ಲ, ಬರೀ ಗಾಳಿ. ಗಂಡಸು, ಹೆಂಗಸು, ಮುದುಕರು, ಮಕ್ಕಳು ಎಲ್ಲರದ್ದೂ ಒಂದೇ ದನಿ. ದೀಪ ಹಾಕಿದ ಮೇಲೆ ಯಾರೂ ಯಾರ ಮಡಿಲನ್ನೂ ನೋಡುವಂತಿಲ್ಲ.

“ಕೊಟ್ಟವರಿಗೆ ಗರ್ವ ಬೇಡ, ತಗೊಂಡವರಿಗೆ ನಾಚಿಕೆ ಬೇಡ,” ಎನ್ನುವರು ಅತ್ತೆ. ಹೊಸ ಸೊಸೆ ಎರಡನೇ ಶನಿವಾರ ಹಾಗೆ ಪಿಸುಗುಟ್ಟಿ ಪಡೆದ ಉಣ್ಣೆಯ ಕೋಟನ್ನು ಏಳು ಚಳಿಗಾಲ ತೊಟ್ಟಳು. ಇದು ನನ್ನದಾಗಿತ್ತು ಎಂದು ಒಬ್ಬರೂ ಅನ್ನಲಿಲ್ಲ. ಭಾವ ಕೆಲಸ ಕಳೆದುಕೊಂಡ ವರ್ಷ ಅವರ ಕಾಲಿಗೆ ಒಳ್ಳೆಯ ಬೂಟು ಬಂದದ್ದೂ ಹೀಗೆಯೇ. ಆ ಕತ್ತಲೆಗೆ ಅವಳು ಮನಸಾರೆ ಕೃತಜ್ಞಳಾಗಿದ್ದಳು.

ಈ ವರ್ಷ ಅವಳೇ ಬಾಯಿಬಿಟ್ಟು ಹೇಳಿದಳು, “ಅತ್ತೆ, ಸ್ಟೋರ್ ರೂಮಿನ ಟ್ರಂಕು ಖಾಲಿ ಮಾಡಿಬಿಡೋಣ.”

ಅದರಲ್ಲಿದ್ದದ್ದು ಅವಳ ಮಗಳು ಗುಬ್ಬಿ ಬೆಳೆದಂತೆಲ್ಲ ಬಿಟ್ಟ ಬಟ್ಟೆಬರೆ. ಎಳೆಗೂಸಿನ ಟೋಪಿಯಿಂದ ಹಿಡಿದು ಹೋದ ವರ್ಷದ ಫ್ರಾಕಿನವರೆಗೆ ಎಲ್ಲವನ್ನೂ ಒಗೆದು, ಮಡಚಿ, ಮುಂದಿನ ಮಗುವಿಗೆಂದು ಎತ್ತಿಟ್ಟಿದ್ದರು. ಮುಂದಿನ ಮಗು ಬರಲಿಲ್ಲ. ಎರಡು ಸಲ ಬಸಿರು ನಿಂತರೂ ಉಳಿಯಲಿಲ್ಲ. ಗುಬ್ಬಿಗೆ ಆರು ವರ್ಷ ತುಂಬಿತ್ತು, ಸಾಕು ಎಂದು ಗಂಡಹೆಂಡಿರು ಮಾತಾಡಿಕೊಂಡಿದ್ದರು.

“ನಮ್ಮನೇಲಿ ಯಾರಿಗೂ ಆಗಲ್ಲ,” ಎಂದರು ಅತ್ತೆ. “ಆದ್ರೂ ಚಾಪೆ ಮೇಲಿಡೋಣ. ಕ್ರಮ ಕ್ರಮವೇ. ಯಾರೂ ತಗೊಳ್ಳದಿದ್ರೆ ಹೊರಗೆ ಕೊಟ್ಟರಾಯ್ತು.”

ಮೊದಲ ಶನಿವಾರ ಅಷ್ಟೂ ಬಟ್ಟೆಯನ್ನು ಚಾಪೆಯ ಮೇಲೆ ಹರಡಿದರು. ಅತ್ತೆ ಕತ್ತಲಲ್ಲಿ ಒಂದೊಂದನ್ನೇ ಹೆಸರಿಸುತ್ತ ಹೋದರು. ಎಲ್ಲಕ್ಕೂ ಮೌನ. “ಎಳೆಗೂಸಿನ ಟೋಪಿ. ಬಿಳಿ. ಮಿಕ್ಕಿದೆ” ಎಂದಾಗ ಮಾತ್ರ ಯಾರೋ “ಉಪಕಾರವಾಯ್ತು” ಎಂದರು.

ದೀಪ ಹಾಕಿದಾಗ ಕಾಲೇಜು ಹುಡುಗಿ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಎಲ್ಲರೂ ನೋಡಿದ್ದು ಮೈದುನನ ಬೋಳಾಗುತ್ತಿದ್ದ ತಲೆಯನ್ನು.

“ನನ್ನನ್ಯಾಕೆ ನೋಡ್ತೀರಿ? ನನ್ನ ತಲೆಗೆ ಅದು ಗುಂಡಿಯಷ್ಟಾಗುತ್ತೆ,” ಎಂದ ಅವನು.

ಎರಡನೇ ವಾರ ಒಂದು ಜೊತೆ ಕಾಲುಚೀಲ ಹೋಯಿತು, ಮೂರನೇ ವಾರ ನಡೆಯಲು ಕಲಿಯುವಾಗಿನ ಬೂಟು. ಗುಬ್ಬಿಗೆ ನಾಲ್ಕಾಗಿದ್ದಾಗಿನ ಹಳದಿ ಫ್ರಾಕು ಆರು ಶನಿವಾರ ಹೇಳಿದರೂ ಹಾಗೇ ಕೂತಿತ್ತು. ಏಳನೇ ಶನಿವಾರ ಅತ್ತೆ ಅದನ್ನು ಮುಟ್ಟಿ ಹೇಳಿದ ಮರುಗಳಿಗೆಯೇ, ಯಾರೋ ಕಾದು ಕೂತಿದ್ದವರಂತೆ, “ಉಪಕಾರವಾಯ್ತು.”

ಹೋದ ಬಟ್ಟೆ ಮನೆಯಲ್ಲೆಲ್ಲೂ ಕಾಣಲಿಲ್ಲ. ಕಳಚಿ ಬಿದ್ದ ಒಂದು ಗುಂಡಿಗೂ ಲೆಕ್ಕವಿರುವ ಮನೆ ಅದು. ಒರೆಸುವ ಬಟ್ಟೆಯಾಗಿ, ತೇಪೆಯಾಗಿ, ಕಸೆಯಾಗಿಯಾದರೂ ಎಲ್ಲವೂ ಮತ್ತೆ ಕಣ್ಣಿಗೆ ಬೀಳಲೇಬೇಕಿತ್ತು.

ಮರುದಿನ ಚಿಕ್ಕ ಸೊಸೆ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆದಳು. ಅಡ್ಡಕ್ಕೆ ವಾರಗಳು, ಉದ್ದಕ್ಕೆ ಆ ವಾರ ಹೋದ ಬಟ್ಟೆಯನ್ನು ಗುಬ್ಬಿ ತೊಟ್ಟಿದ್ದ ವಯಸ್ಸು. ಏಳು ಚುಕ್ಕೆ. ಪ್ರಯೋಗಾಲಯದಲ್ಲಿ ಅಷ್ಟು ನೇರವಾದ ಗೆರೆಯನ್ನು ಅವಳು ಕಂಡೇ ಇರಲಿಲ್ಲ. ತಗೊಳ್ಳುತ್ತಿದ್ದದ್ದು ಯಾರೇ ಆಗಲಿ, ವಾರಕ್ಕೆ ಎಂಟು ತಿಂಗಳ ಲೆಕ್ಕದಲ್ಲಿ ಬೆಳೆಯುತ್ತಿದ್ದರು. ಸ್ಕೇಲಿಟ್ಟು ಗೆರೆಯನ್ನು ಮುಂದಕ್ಕೆಳೆದಳು. ಹನ್ನೊಂದನೇ ಶನಿವಾರ ಅದು ಆರು ವರ್ಷ ಎಂಟು ತಿಂಗಳನ್ನು ಮುಟ್ಟುತ್ತಿತ್ತು. ಆ ಶನಿವಾರ ಗುಬ್ಬಿಗೂ ಸರಿಯಾಗಿ ಅಷ್ಟೇ ವಯಸ್ಸು.

ಪೆನ್ಸಿಲು ಕೆಳಗಿಟ್ಟಳು. ಗುಬ್ಬಿಯ ಬಟ್ಟೆ, ಗುಬ್ಬಿಯ ಬೂಟು, ಗುಬ್ಬಿಯ ಅಳತೆ. ಅಳತೆ ಸರಿಹೋದ ದಿನ ಅದಕ್ಕೆ ಬೇಕಾಗುವುದು ಗುಬ್ಬಿಯ ಜಾಗ. ಇನ್ನೇನು?

ಅತ್ತೆ ಕಾಲುಚೀಲಕ್ಕೆ ತೇಪೆ ಹಾಕುತ್ತ ಕೂತಿದ್ದಾಗ ಹೋಗಿ ಪಕ್ಕದಲ್ಲಿ ಕೂತಳು.

“ಅತ್ತೆ, ಈ ಸಲ ದೀಪ ಹಾಕ್ಕೊಂಡೇ ಕೂರೋಣ್ವಾ?”

“ಯಾರ ಮಾನ ನೋಡ್ಬೇಕಮ್ಮ ನಿಂಗೆ?”

“ಹಾಗಲ್ಲ... ಕತ್ತಲಲ್ಲಿ ನಾವು ಎಂಟೇ ಜನ ಇರ್ತೀವಾ?”

ಸೂಜಿ ನಿಲ್ಲಲಿಲ್ಲ. “ಬೇಕಾದವರು ಇರ್ತಾರೆ.”

“ಅತ್ತೆ, ನನ್ನ ಮಗು...”

“ನಿನ್ನ ಮಗುಗೆ ಸಣ್ಣದಾಗಿದ್ದು ತಾನೇ ಹೋಗ್ತಿರೋದು? ಹಾಕ್ಕೊಂಡಿರೋದನ್ನ ಯಾರಾದ್ರೂ ಕಿತ್ಕೊಂಡ್ರಾ? ಬಾಯ್ತುಂಬ ಉಪಕಾರ ಅಂತಾರೆ, ತಗೊಳ್ತಾರೆ. ಪೆಟ್ಟಿಗೇಲಿ ನುಸಿ ತಿನ್ನೋದಕ್ಕಿಂತ ಎಷ್ಟೋ ವಾಸಿ.” ಅತ್ತೆ ದಾರವನ್ನು ಹಲ್ಲಿನಲ್ಲಿ ಕಡಿದರು. “ನಾನು ಈ ಮನೆಗೆ ಬಂದಾಗ್ಲೂ ಹೀಗೇ ಇತ್ತು.”

ಗಂಡನಿಗೆ ಹೇಳಿದಳು. ಅವನು ಗಡಿಯಾರ ರಿಪೇರಿ ಮಾಡುವವನು, ಮಾತು ಕಡಿಮೆ. ಕ್ಯಾಲೆಂಡರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. “ಗೆರೆ ಸರಿಯಾಗಿದೆ,” ಎಂದ. ಅಷ್ಟೇ. ಅವತ್ತಿನಿಂದ ಅವನೂ ಗುಬ್ಬಿಯನ್ನು ಸ್ಕೂಲಿನವರೆಗೆ ಕೈಹಿಡಿದು ಬಿಡತೊಡಗಿದ.

ಎಂಟನೇ ವಾರ ಮಳೆಕೋಟು ಹೋಯಿತು. ಒಂಬತ್ತನೇ ವಾರ ಹೂವಿನ ಚಿತ್ರದ ಪೈಜಾಮ. ಆಮೇಲೆ ಚಿಕ್ಕ ಸೊಸೆ ಟ್ರಂಕಿನಲ್ಲಿ ಉಳಿದದ್ದನ್ನೆಲ್ಲ ಗಂಟು ಕಟ್ಟಿ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಅನಾಥ ಮಕ್ಕಳ ಮನೆಗೆ ಕೊಟ್ಟುಬಂದಳು. ಚಾಪೆ ಮೇಲೆ ಗುಬ್ಬಿಯದು ಅಂತ ಒಂದು ಎಳೆ ದಾರವೂ ಇರಬಾರದು. ಆದರೆ ಹತ್ತನೇ ಶನಿವಾರ ಕತ್ತಲಾದ ಮೇಲೆ ಅತ್ತೆಯ ಕೈ ಏನನ್ನೋ ತಡವಿತು. “ಚಪ್ಪಲಿ. ಕೆಂಪು. ಬಾರು ಗಟ್ಟಿ ಇದೆ. ಮಿಕ್ಕಿದೆ.”

“ಉಪಕಾರವಾಯ್ತು.”

ದೀಪ ಬಂದೊಡನೆ ಮಗಳನ್ನು ಅಡುಗೆಮನೆಗೆ ಎಳೆದೊಯ್ದಳು. “ಚಪ್ಪಲಿ ನೀನಿಟ್ಟಿದ್ದಾ?”

“ಹೆಬ್ಬೆರಳಿಗೆ ಕಚ್ತಿತ್ತು. ನಂಗೆ ಕಚ್ಚಿದ್ರೆ ಅವಳಿಗೆ ಸರಿ ಆಗುತ್ತೆ.”

“ಯಾರಿಗೆ?”

ಗುಬ್ಬಿ ಅಮ್ಮನ ಮುಖ ನೋಡಿ ದನಿ ತಗ್ಗಿಸಿದಳು. “ಸ್ಟೋರ್ ರೂಮಲ್ಲಿ ಇರ್ತಾಳಲ್ಲ, ಅವಳಿಗೆ. ಮೊದ್ಲು ತೆವಳ್ತಿದ್ಲು. ಈಗ ನನ್ ಕೆನ್ನೆವರ್ಗೂ ಬಂದಿದಾಳೆ.”

“ಏನ್ ಮಾಡ್ತಾಳೆ?”

“ಏನಿಲ್ಲ. ನಿಂತ್ಕೊಂಡಿರ್ತಾಳೆ. ನಾನು ಏನಾದ್ರೂ ಹೇಳಿದ್ರೆ ಕೇಳಿಸ್ಕೊಳ್ತಾಳೆ. ಅಮ್ಮಾ, ಕೈ ಬಿಡು, ನೋಯುತ್ತೆ.”

ಸ್ಟೋರ್ ರೂಮಿನ ಬಾಗಿಲಿಗೆ ಆ ವಾರ ಬೀಗ ಬಿತ್ತು. ಅಲ್ಲಿಗೆ ಬಲ್ಬು ಕೂಡ ಇರಲಿಲ್ಲ. ಹುಡುಕಿದರೆ ಕೈಗೇ ಸಿಗುತ್ತೆ, ಬೆಳಕು ಯಾಕೆ ಎಂದು ಅತ್ತೆ ಹಾಕಿಸಿರಲಿಲ್ಲ. ಬೀಗ ಹಾಕುವ ಮುನ್ನ ಚಿಕ್ಕ ಸೊಸೆ ಟಾರ್ಚು ಹಿಡಿದು ಒಳಗೆ ನೋಡಿದಾಗ ಕಂಡದ್ದು ಖಾಲಿ ಟ್ರಂಕು, ಉಂಡೆ ಸುತ್ತಿದ ದಾರ, ಕಟ್ಟಿಟ್ಟ ಹಳೆ ಪೇಪರು. ಒಂದೇ ಒಂದು ವಿಷಯ ಅವಳ ಅಭ್ಯಾಸದ ಕಣ್ಣಿಗೆ ಬಿತ್ತು. ನೆಲದ ತುಂಬ ಧೂಳಿತ್ತು, ಬಾಗಿಲಿನ ಹಿಂದೆ ಮಾತ್ರ ಎರಡು ಸಣ್ಣ ಪಾದ ಊರುವಷ್ಟು ಜಾಗ ಉಜ್ಜಿ ಒರೆಸಿದಂತೆ ನುಣ್ಣಗಿತ್ತು. ಅಲ್ಲಿ ನಿಂತವರಿಗೆ ಬಾಗಿಲ ಸಂದಿಯಿಂದ ನೇರ ಕಾಣುವುದು ಅಡುಗೆಮನೆಯ ಒಲೆ, ಒಲೆಯ ಮುಂದೆ ಅವಳು ದಿನಾ ನಿಲ್ಲುವ ಜಾಗ.

ಹನ್ನೊಂದನೇ ಶನಿವಾರ ಬಂತು. ಎಲ್ಲಿಗಾದರೂ ಹೋಗಿಬಿಡೋಣ ಎಂದು ಗಂಡನಿಗೆ ಬೆಳಿಗ್ಗೆಯೇ ಹೇಳಿದ್ದಳು. ಅವನು ಒಪ್ಪಿದ್ದ ಕೂಡ. ಆದರೆ ಸಂಜೆಯ ಹೊತ್ತಿಗೆ ಗುಬ್ಬಿ ಅಜ್ಜಿಯ ಪಕ್ಕ ಚಾಪೆಯ ಮೂಲೆ ಹಿಡಿದು ಕೂತುಬಿಟ್ಟಿದ್ದಳು, ಎಬ್ಬಿಸಿದರೆ ಊರು ಕೇಳುವ ಹಾಗೆ ಅಳು. ಚಿಕ್ಕ ಸೊಸೆ ಅವಳನ್ನು ಎತ್ತಿ ತನ್ನ ಮಡಿಲಲ್ಲಿ ಕೂರಿಸಿಕೊಂಡು ಎರಡೂ ತೋಳಿನಿಂದ ಬಿಗಿಯಾಗಿ ಸುತ್ತುವರಿದಳು. ಗಂಡ ಬಂದು ಮೈಗೆ ಮೈ ತಾಗುವಂತೆ ಕೂತ. ಚಾಪೆಯ ಮೇಲೆ ಭಾವನ ಒಂದು ಬೆಲ್ಟು, ಓರಗಿತ್ತಿಯ ಒಂದು ಬಾಣಲೆ. ಬೇರೇನೂ ಇರಲಿಲ್ಲ. ಎರಡು ಸಲ ನೋಡಿದಳು.

ದೀಪ ಆರಿತು.

“ಬೆಲ್ಟು. ಕಪ್ಪು. ಮಿಕ್ಕಿದೆ.” ಯಾರೋ ತಗೊಂಡರು. “ಬಾಣಲೆ. ತಳ ಸವೆದಿದೆ. ಮಿಕ್ಕಿದೆ.” ಹತ್ತು ಉಸಿರು. ಯಾರಿಗೂ ಬೇಡವಾಯಿತು. ಮಗಳ ಎದೆಬಡಿತ ಅಂಗೈಗೆ ತಾಗುತ್ತಿತ್ತು. ಮುಗಿಯಿತು ಎಂದುಕೊಂಡಳು ಚಿಕ್ಕ ಸೊಸೆ. ಅತ್ತೆ ಸ್ವಿಚ್ಚಿನ ಕಡೆ ಏಳುವ ಸದ್ದೂ ಕೇಳಿತು.

“ಅಜ್ಜೀ, ತಾಳು. ನಂದೂ ಒಂದಿದೆ,” ಎಂದಳು ಗುಬ್ಬಿ.

“ಏನು ಪುಟ್ಟಾ?”

“ಅಮ್ಮ.”

ಮೈದುನ ಗೊಳ್ಳೆಂದು ನಕ್ಕ. “ಅತ್ತಿಗೇನೂ ಮಿಕ್ಕಿದ್ರಾ? ಅಣ್ಣಾ, ನೋಡ್ಕೋಪ್ಪ!”

“ಹೂಂ ಚಿಕ್ಕಪ್ಪ. ನಂಗೆ ಅಜ್ಜಿ ಇದಾಳೆ, ದೊಡ್ಡಮ್ಮ ಇದಾಳೆ, ಅಕ್ಕ ಇದಾಳೆ. ಎಲ್ಲರೂ ಊಟ ಹಾಕ್ತಾರೆ, ಎಲ್ಲರೂ ತಲೆ ಬಾಚ್ತಾರೆ. ಅವಳಿಗೆ ಎಲ್ಲಾ ಸಿಕ್ತು, ಅಮ್ಮ ಮಾತ್ರ ಇಲ್ಲ.” ಮಗು ಅಜ್ಜಿಯ ಧಾಟಿಯಲ್ಲೇ, ಸ್ಪಷ್ಟವಾಗಿ, ಮುಗಿಸಿತು. “ಅಮ್ಮ. ನೀರಿನ ಕೆಲಸ ಮಾಡ್ತಾಳೆ. ಮಿಕ್ಕಿದೆ.”

ಕತ್ತಲಲ್ಲಿ ಅತ್ತೆ ಉಸಿರು ಒಳಗೆಳೆದುಕೊಂಡದ್ದು ಕೇಳಿತು. ಹೇಳಿದ ಮಾತು ಚಾಪೆ ಮೇಲೆ ಬಿದ್ದಾಗಿತ್ತು. ಆ ಮನೆಯಲ್ಲಿ ಚಾಪೆ ಮೇಲೆ ಬಿದ್ದದ್ದನ್ನು ಯಾರೂ ಹಿಂದಕ್ಕೆ ತಗೊಂಡದ್ದಿಲ್ಲ.

ತನ್ನ ಲೆಕ್ಕ ಎಲ್ಲಿ ತಪ್ಪಿತ್ತೆಂದು ಚಿಕ್ಕ ಸೊಸೆಗೆ ಆಗ ಹೊಳೆಯಿತು. ಚುಕ್ಕೆಗಳು ಸರಿಯಿದ್ದವು, ಗೆರೆಯೂ ಸರಿಯಿತ್ತು. ಗೆರೆ ಯಾವ ಕಡೆಗೆ ಹೋಗುತ್ತಿದೆ ಎನ್ನುವುದನ್ನು ತಪ್ಪಾಗಿ ಓದಿದ್ದಳು. ಅದು ಬೆಳೆದದ್ದು ಗುಬ್ಬಿಯ ಜಾಗಕ್ಕಲ್ಲ. ಅಮ್ಮ ಬೇಕೆಂದು ಕೇಳುವಷ್ಟು ದೊಡ್ಡವಳಾಗಲು.

ಅವಳ ಮೊಣಕಾಲಿನ ಹತ್ತಿರ, ತೀರಾ ಕೆಳಗೆ, ಗಾಳಿ ಅಲುಗಿತು. “ಉಪಕಾರ...”

ಅದೇ ಕ್ಷಣ ಪಕ್ಕದಲ್ಲಿ ಇನ್ನೊಂದು ಪಿಸುಮಾತು. ಒಡೆದ, ಅವಸರದ ಪಿಸುಮಾತು. “ಉಪಕಾರವಾಯ್ತು!” ಗಂಡ. ಅವಳು ಬಲ್ಲಂತೆ, ಈ ಒಂಬತ್ತು ವರ್ಷದಲ್ಲಿ ಆ ಚಾಪೆಯಿಂದ ಒಂದು ಕರವಸ್ತ್ರವನ್ನೂ ತಗೊಳ್ಳದವನು.

ಎರಡೂ ಒಟ್ಟಿಗೇ ಮುಗಿದವು.

ಆಮೇಲೆ ಅತ್ತೆ ಹೇಳಿದರು. “ಎರಡು ಬಾಯಿ ಒಟ್ಟಿಗೆ ಬಂತು. ನಮ್ಮತ್ತೆ ಇದ್ದಾಗ ಒಂದು ಸಲ ಹೀಗಾಗಿತ್ತು, ಒಂದು ಕೊಡೆಗೆ. ಒಂದು ದಿನ ಅವರಿಗೆ, ಒಂದು ದಿನ ಇವರಿಗೆ.”

“ಅಮ್ಮಾ, ಅವಳೇನು ಕೊಡೆ ಅಲ್ಲ,” ಎಂದ ಗಂಡ, ಗಟ್ಟಿಯಾಗಿ.

“ಗೊತ್ತಪ್ಪ. ಅದಕ್ಕೇ ಹೇಳ್ತಿದೀನಿ. ಇಲ್ದಿದ್ರೆ ಪೂರ್ತಿ ಹೋಗ್ತಾಳೆ. ಸಣ್ಣವರದ್ದು ಮೊದಲು.”

ಒಂದು ಕೈ ಬಂದು ಚಿಕ್ಕ ಸೊಸೆಯ ಕೈಯೊಳಗೆ ಸೇರಿತು. ತಣ್ಣಗಿರಲಿಲ್ಲ, ಬೆಚ್ಚಗೂ ಇರಲಿಲ್ಲ. ಕೋಣೆಯ ಗಾಳಿ ಎಷ್ಟಿತ್ತೋ ಅಷ್ಟೇ. ಅಳತೆ ಗುಬ್ಬಿಯ ಕೈಯದೇ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಉಗುರು ಮಾತ್ರ ಹುಟ್ಟಿದಂದಿನಿಂದ ಯಾರೂ ಕತ್ತರಿಸದ ಹಾಗೆ ಉದ್ದಕ್ಕೆ ಬೆಳೆದು ಸುರುಳಿಗಟ್ಟಿತ್ತು.

ದೀಪ ಬಂತು. ಕೈಯಲ್ಲಿ ಏನೂ ಇರಲಿಲ್ಲ. ಮನೆಯವರೆಲ್ಲ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು, ಕ್ರಮದಂತೆ. ಮೈದುನ ಕೂಡ. ಗಂಡನೊಬ್ಬ ಕ್ರಮ ಮುರಿದು ಅವಳನ್ನೇ ನೋಡುತ್ತಿದ್ದ.

“ಹೋಗ್ಬೇಡ,” ಎಂದ.

ಅವಳು ಲೆಕ್ಕ ಹಾಕಿದಳು. ಹೋಗದಿದ್ದರೆ ಬರುವ ಶನಿವಾರಕ್ಕೆ ಅದು ಗುಬ್ಬಿಗಿಂತ ಎಂಟು ತಿಂಗಳು ದೊಡ್ಡದು, ಅದರ ಮುಂದಿನ ಶನಿವಾರಕ್ಕೆ ಇನ್ನೂ ದೊಡ್ಡದು. ಅಷ್ಟು ದೊಡ್ಡವರಾದವರು ಏನು ಕೇಳಬಹುದೋ ಯಾರು ಬಲ್ಲರು? ಅಮ್ಮ ಸಿಕ್ಕ ಮಗು ನಿಧಾನವಾಗಿ, ಎಲ್ಲ ಮಕ್ಕಳ ಹಾಗೆ ಬೆಳೆದರೂ ಬೆಳೆಯಬಹುದು. ಇದು ಕಾರಣ. ಆದರೆ ಕಾರಣದ ಅಡಿಯಲ್ಲಿ ಇನ್ನೊಂದಿತ್ತು, ಅದನ್ನು ತನಗೆ ತಾನೇ ಹೇಳಿಕೊಳ್ಳಲು ಅವಳಿಗೆ ಭಯವಾಯಿತು. ಪೊರಕೆಗೂ ಬಟ್ಟಲಿಗೂ ಉಪಕಾರ ಹೇಳುವ ಈ ಮನೆಯಲ್ಲಿ, ಒಂಬತ್ತು ವರ್ಷದಲ್ಲಿ, ಅವಳ ಸಲುವಾಗಿ ಆ ಮಾತು ಬಂದದ್ದು ಇದೇ ಮೊದಲು. ಬಂದಾಗ ಎರಡೆರಡು ಬಂದಿತ್ತು.

“ನಾಳೆ ನಿಮ್ಮ ದಿನ,” ಎಂದಳು ಗಂಡನಿಗೆ. ಗುಬ್ಬಿಯನ್ನು ಅವನ ಮಡಿಲಿಗೆ ದಾಟಿಸಿದಳು. “ಬೆಳಿಗ್ಗೆ ಎಂಟು ಗಂಟೆಗೆ ಬಾಗಿಲು ತಟ್ಟಿ. ತೆಗೀದಿದ್ರೆ ಒಡೀರಿ.”

“ಅಮ್ಮಾ, ಅವಳಿಗೆ ಕಚಗುಳಿ ಜಾಸ್ತಿ,” ಎಂದಳು ಗುಬ್ಬಿ. ಈಗ ಅವಳ ತುಟಿ ಸೊಟ್ಟಗಾಗತೊಡಗಿತ್ತು. ಕೊಟ್ಟದ್ದು ಏನೆಂದು ಆಗ ತಿಳಿಯಿತೇನೋ.

ಗೂಡಿನಿಂದ ಉಗುರು ಕತ್ತರಿಸುವ ಕತ್ತರಿ ತಗೊಂಡು ಚಿಕ್ಕ ಸೊಸೆ ಸ್ಟೋರ್ ರೂಮಿನ ಬೀಗ ತೆಗೆದಳು, ಒಳಹೊಕ್ಕಳು, ಬಾಗಿಲು ಮುಂದೆ ಮಾಡಿದಳು. ಖಾಲಿ ಟ್ರಂಕಿನ ಮೇಲೆ ಕೂತಳು. ಕತ್ತಲು ಕಣ್ಣಿಗೆ ಒಗ್ಗಲೇ ಇಲ್ಲ. ಮೂಗಿಗೆ ಮಾತ್ರ ಒಗೆದು ಮಡಚಿಟ್ಟ ಬಟ್ಟೆಯ ವಾಸನೆ.

“ಕೈ ಕೊಡು,” ಎಂದಳು.

ಕೈ ಬಂತು. ಬೆರಳಿನಿಂದ ಬೆರಳಿಗೆ ಸವರಿಕೊಂಡು, ಮಾಂಸ ತಾಗದ ಹಾಗೆ ಜೋಪಾನವಾಗಿ ಒಂದೊಂದೇ ಕತ್ತರಿಸಿದಳು. ನೀರಿನ ಬಾಟಲಿ ಹಿಡಿದು ಹಿಡಿದು ಅವಳ ಕೈ ನಡುಗುವುದನ್ನು ಮರೆತಿತ್ತು. ಕತ್ತರಿ ಕಚ್ಚಿದಾಗಲೊಮ್ಮೆ ಎದುರಿನಿಂದ ತುಂಬಾ ಮೆಲ್ಲಗೆ, “ಉಪಕಾರವಾಯ್ತು.” ಬಲಗೈಯ ಐದು. ಎಡಗೈಯ ಐದು. ತನಗೇ ತಿಳಿಯದೆ ಅವಳು ಗುಬ್ಬಿಗೆ ಗುನುಗುವ ಹಾಡನ್ನು ಗುನುಗತೊಡಗಿದ್ದಳು, ತಿಳಿದಾಗ ನಿಲ್ಲಿಸಿದಳು.

“ಆಯ್ತು ನೋಡು,” ಎಂದು ಆ ಎರಡು ಕೈಗಳನ್ನೂ ಒಟ್ಟುಗೂಡಿಸಿ ತನ್ನ ಎಡಗೈಯಲ್ಲಿ ಹಿಡಿದಳು.

ಆಗ ಬಲ ಮೊಣಕಾಲಿನ ಮೇಲೆ ಇನ್ನೊಂದು ಕೈ ಬಂದು ಕೂತಿತು. ಮೊದಲಿನದಕ್ಕಿಂತ ಸಣ್ಣದು, ಚೀಪಿ ಚೀಪಿ ಒದ್ದೆಯಾದ ಹೆಬ್ಬೆರಳಿನದು. ಅದರ ಹಿಂದೆ, ಟ್ರಂಕಿನ ಆಚೆ ಬದಿಯಲ್ಲಿ, ಇನ್ನೂ ಕೆಳಗೆ, ಪೇಪರಿನ ಕಟ್ಟುಗಳ ನಡುವೆ ಏನೋ ತೆವಳಿಕೊಂಡು ಹತ್ತಿರವಾಗುತ್ತಿತ್ತು.

ಬಾಗಿಲು ಒಂದೇ ಹೆಜ್ಜೆ ದೂರ. ಸಂದಿಯಿಂದ ಅಡುಗೆಮನೆಯ ಬೆಳಕು ಗೆರೆಯಾಗಿ ಬಿದ್ದಿತ್ತು. ಆ ಗೆರೆಯ ಆಚೆ ಗಂಡ ಗೋಡೆಗೊರಗಿ ಕೂತು ಗುಬ್ಬಿಯನ್ನು ಸಮಾಧಾನ ಮಾಡುತ್ತಿದ್ದ. ಎಂಟಕ್ಕೆ ಇನ್ನೂ ಸಾಕಷ್ಟು ಹೊತ್ತಿತ್ತು.

ಕತ್ತರಿಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡು, ಟ್ರಂಕಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು.

“ನೂಕಾಡ್ಬೇಡಿ,” ಎಂದಳು. “ಒಬ್ಬೊಬ್ಬರೇ ಬನ್ನಿ.”